‘ಎಂದಿನಂತೆ ಶಾಪಾಶಯ’: ದ್ರೋಹ ಎಂಬ ಮಾತನ್ನು ಶಾಸನಗಳು ಬಳಸುವ ಬಗೆ

ಶಾಸನ ಸಂಪುಟ ಓದುವವರಿಗೆ ಈ ಅನುಭವ ಇದ್ದೇ ಇರುತ್ತದೆ. ದಾನ ಕೊಟ್ಟವರು ಯಾರು, ಯಾವ ಶಕ, ಯಾವ ಊರು, ಎಷ್ಟು ಗದ್ಯಾಣ ಅಂತ ಎಲ್ಲವನ್ನೂ ಬಿಡಿಸಿ ಹೇಳುವ ಸಾರಾಂಶ, ಕೊನೆಗೆ ಬಂದಾಗ ‘ಎಂದಿನಂತೆ ಶಾಪಾಶಯ’ ಎಂದು ಮುಗಿದುಬಿಡುತ್ತದೆ. ನಾವೂ ಪುಟ ತಿರುಗಿಸ್ತೀವಿ. ನನ್ನ ತಕರಾರು ಇರುವುದು ಇಲ್ಲೇ. ಹೊಟ್ಟೆಪಾಡಿಗೆ ನಾನು ಇಂಜಿನಿಯರ್. ಕಾಂಟ್ರಾಕ್ಟ್ ಕಾಗದ ಕೈಗೆ ಬಂದರೆ ಮೊದಲು ನೋಡೋದು ದಂಡದ ಷರತ್ತನ್ನು. ಎರಡೂ ಕಡೆಯವರು ಯಾವುದಕ್ಕೆ ಹೆದರಿದ್ದಾರೆ ಅನ್ನೋದು ಅಲ್ಲೇ ಗೊತ್ತಾಗುತ್ತೆ. ಕಲ್ಲಿನ ಮೇಲಿನ ಶಾಪಾಶಯವೂ ಅಂಥದ್ದೇ ಷರತ್ತು.

ನಂಬಿಕೆಗೆ ಎದುರು ಪದ ಹೇಳಿ ಅಂದರೆ ಇವತ್ತು ನಾವು ಅಪನಂಬಿಕೆ, ಅವಿಶ್ವಾಸ, ಶಂಕೆ, ಗುಮಾನಿ, ಅನುಮಾನ ಅಂತೀವಿ. ಇವೆಲ್ಲ ಮನಸ್ಸಿನೊಳಗಿನ ಸ್ಥಿತಿಗಳು. ‘ಅನುಮಾನ’ದ ಕಥೆಯಂತೂ ಮಜವಾಗಿದೆ. ತರ್ಕಶಾಸ್ತ್ರದಲ್ಲಿ ಅದು ಹೊಗೆ ಕಂಡು ಬೆಂಕಿಯನ್ನು ಊಹಿಸುವ ಕ್ರಮ. ನಮ್ಮ ಬಾಯಲ್ಲಿ ಅದು ಸಂಶಯವಾಯಿತು. ಹೊಗೆ ಕಾಣದೆಯೂ ಅನುಮಾನ ಪಡಬಹುದು!

ಶಾಸನದ ಷರತ್ತಿನ ಭಾಗಕ್ಕೆ ಬನ್ನಿ. ಅಲ್ಲಿ ಸಿಗುವುದು ಕ್ರಿಯೆಗಳು: ಅಳಿ, ತಪ್ಪು, ಮೀರು. ಸುಮಾರು 450ರ ಹಲ್ಮಿಡಿ ಶಾಸನದಲ್ಲೇ ಮಹಾಪಾತಕ ತಟ್ಟುವುದು ‘ಅಳಿವೊನ್’ಗೆ, ಅಂದರೆ ಕೊಟ್ಟದ್ದನ್ನು ಕೆಡಿಸಿದವನಿಗೆ. ಕೆಡಿಸಬಹುದು ಎಂದು ಯಾರಿಗೋ ಗುಮಾನಿ ಬಂದವನಿಗಲ್ಲ.

‘ದ್ರೋಹ’ವೂ ಹಾಗೇ. ಕಲ್ಲಿನ ಮೇಲೆ ಈ ಪದ ಸಾಮಾನ್ಯವಾಗಿ ಒಂಟಿಯಾಗಿ ನಿಲ್ಲುವುದಿಲ್ಲ. ಸ್ವಾಮಿದ್ರೋಹ, ರಾಜದ್ರೋಹ ಅಂತ ಯಾರಿಗೆ ಎಂಬುದು ಜೊತೆಗೇ ಬರುತ್ತದೆ. ಬರೀ ‘ದ್ರೋಹ’ ಎಂದಿದ್ದರೂ ಹಿನ್ನೆಲೆಯಲ್ಲಿ ಒಬ್ಬ ಒಡೆಯ ಇರುತ್ತಾನೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನಿಗೆ ‘ದ್ರೋಹಘರಟ್ಟ’ ಎಂಬ ಬಿರುದಿತ್ತು. ಘರಟ್ಟ ಅಂದರೆ ಬೀಸುಕಲ್ಲು. ಅವನ ನೆನಪಿಗೆ ಮಗ ಬೊಪ್ಪ 1133ರಲ್ಲಿ ಹಳೇಬೀಡಿನಲ್ಲಿ ಕಟ್ಟಿಸಿದ ಬಸದಿಗೂ ದ್ರೋಹಘರಟ್ಟ ಜಿನಾಲಯ ಎಂದೇ ಹೆಸರು. ವಿಜಯನಗರದ ಸಂಗಮ ಅರಸರ ಬಿರುದುಗಳಲ್ಲಿ ಇನ್ನೂ ಸ್ಪಷ್ಟ: ‘ಭಾಷೆಗೆ ತಪ್ಪುವ ರಾಯರ ಗಂಡ’. ಭಾಷೆ ಅಂದರೆ ಕೊಟ್ಟ ಮಾತು. ಮಾತು ಕೊಟ್ಟಿರಬೇಕು, ಆಮೇಲೆ ತಪ್ಪಿರಬೇಕು, ಆಗ ಮಾತ್ರ ಈ ಗಂಡನಿಗೆ ಕೆಲಸ. ಬಿರುದು ಬಡಾಯಿ ಅಲ್ವಾ ಅಂತ ಕೇಳಬಹುದು. ಬಡಾಯಿಯೇ, ಇರ್ಲಿ. ಆದರೆ ಯಾವುದನ್ನು ಅವಮಾನ ಎಂದುಕೊಂಡಿದ್ದರು ಅನ್ನೋದು ಬಡಾಯಿಯಲ್ಲೇ ಚೆನ್ನಾಗಿ ಕಾಣುತ್ತೆ.

ಬಿರುದನ್ನು ಬಿಟ್ಟು ನಿಜವಾದ ಜಗಳವೊಂದನ್ನು ನೋಡೋಣ. 1368ರ ಶ್ರವಣಬೆಳಗೊಳದ ಬುಕ್ಕರಾಯನ ಶಾಸನ ಎಲ್ಲರಿಗೂ ಗೊತ್ತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಜೈನರು ಭಕ್ತರಿಂದ, ಅಂದರೆ ಶ್ರೀವೈಷ್ಣವರಿಂದ, ತಮಗೆ ಅನ್ಯಾಯವಾಗ್ತಿದೆ ಎಂದು ಅರಸನಲ್ಲಿ ದೂರುತ್ತಾರೆ. ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಡುತ್ತಾನೆ. ಈ ಶಾಸನದ ಬಗ್ಗೆ ಮಾತಾಡುವಾಗ ನಾವು ಹೆಚ್ಚಾಗಿ ಈ ದೃಶ್ಯಕ್ಕೇ ನಿಂತುಬಿಡ್ತೀವಿ. ಆದರೆ ಕೈ ಹಿಡಿಸಿದರೆ ನಂಬಿಕೆ ಹುಟ್ಟುತ್ತೆ ಎಂದು ಬುಕ್ಕ ಸುಮ್ಮನಾಗಲಿಲ್ಲ. ಜೈನರ ಮನೆಮನೆಗೆ ವರ್ಷಕ್ಕೆ ಒಂದು ಹಣ, ಆ ದುಡ್ಡಿನಲ್ಲಿ ದೇವರ ಕಾವಲಿಗೆ ಇಪ್ಪತ್ತು ಆಳು, ಉಳಿದದ್ದರಲ್ಲಿ ಜೀರ್ಣ ಬಸದಿಗಳ ದುರಸ್ತಿ. ಇದರ ಉಸ್ತುವಾರಿ ತಿರುಮಲೆಯ ತಾತಯ್ಯನದು, ಅಂದರೆ ದೂರು ಯಾರ ಮೇಲಿತ್ತೋ ಆ ಪಕ್ಷದವರದ್ದೇ. ಕೊನೆಗೆ ಷರತ್ತು: ಈ ಕಟ್ಟಳೆ ಮೀರಿದವನು ರಾಜನಿಗೆ ದ್ರೋಹಿ, ಸಂಘಕ್ಕೆ ದ್ರೋಹಿ, ಸಮುದಾಯಕ್ಕೆ ದ್ರೋಹಿ. ಇದು ‘ಎಂದಿನಂತೆ’ ಅಲ್ಲ. ಈ ಜಗಳಕ್ಕೆಂದೇ ಅಳತೆ ತೆಗೆದು ಹೊಲಿದ ಮಾತು. ಮೀರಿದವನು ಇಂಥ ಮತದವನು ಎಂದು ಅದು ಮೊದಲೇ ಗುರುತಿಸುವುದಿಲ್ಲ. ಯಾವನೊಬ್ಬ ಮೀರಿದರೂ ಅವನೇ ದ್ರೋಹಿ.

ಈ ವ್ಯಾಕರಣ ಇವತ್ತಿಗೆ ಯಾಕೆ ಬೇಕು ಅಂದರೆ, ಕಡ್ಡಿರಾಂಪುರಕ್ಕೆ ಬನ್ನಿ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಊರು. ಅಲ್ಲಿ ಗುಮ್ಮಟವಿರುವ ಎರಡು ಗೋರಿಗಳಿವೆ. ಬಹಮನಿ ಮಾದರಿಯ ಚೌಕ ಕಟ್ಟಡಗಳು, ಅಲಂಕಾರ ಕಡಿಮೆ. ಅವುಗಳ ಮುಂದೆ ನಿಂತು ‘ರಕ್ಕಸತಂಗಡಿಯಲ್ಲಿ ಕೈಕೊಟ್ಟ ದ್ರೋಹಿಗಳು ಇವರೇ’ ಅಂದವರನ್ನು ನಾನು ಒಂದಲ್ಲ, ನಾಲ್ಕಾರು ಸಲ ಕೇಳಿದ್ದೇನೆ. ಸ್ವಾಮಿ, ಆ ಯುದ್ಧ 1565ರ ಜನವರಿಯದು. ಈ ಕಟ್ಟಡಗಳ ಶೈಲಿ 15ನೇ ಶತಮಾನದ್ದು. ಹುಟ್ಟುವ ಮೊದಲೇ ದ್ರೋಹ ಮಾಡಿದವರಿದ್ದಾರೆ, ಸತ್ತು ನೂರು ವರ್ಷದ ಮೇಲೆ ಮಾಡೋದು ಹೇಗ್ರಿ?

ಯುದ್ಧದಲ್ಲಿ ದ್ರೋಹ ನಡೆಯಿತು ಎಂಬ ಮಾತಿಗೆ ಆಧಾರ ಇಲ್ಲದೆ ಇಲ್ಲ. 1567ರಲ್ಲಿ ವಿಜಯನಗರದಲ್ಲಿ ಏಳು ತಿಂಗಳು ಇದ್ದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕ್, ಸೈನ್ಯದ ಇಬ್ಬರು ಮುಸ್ಲಿಂ ನಾಯಕರು ತಿರುಗಿ ನಿಂತದ್ದೇ ಸೋಲಿಗೆ ಕಾರಣ ಎಂದು ಬರೆದಿದ್ದಾನೆ. ಅವನು ಹೇಳುವುದು ಇಬ್ಬರನ್ನು. ಅದೇ ಬರಹದಲ್ಲಿ ಇನ್ನೊಂದು ಮಾತೂ ಇದೆ: ರಾಮರಾಯ ಮತ್ತವನ ತಮ್ಮಂದಿರು ನಿಜವಾದ ಅರಸನನ್ನೇ ಸೆರೆಯಲ್ಲಿಟ್ಟು ವರ್ಷಕ್ಕೊಮ್ಮೆ ಜನರಿಗೆ ತೋರಿಸುತ್ತಿದ್ದರು. ಶಾಸನದ ಲೆಕ್ಕದಲ್ಲಿ ಇದಕ್ಕೆ ಏನೆನ್ನಬೇಕು? ಸ್ವಾಮಿದ್ರೋಹ. ಒಬ್ಬನೇ ಸಾಕ್ಷಿಯ ಅರ್ಧ ಹೇಳಿಕೆ ಹಿಡಿದುಕೊಂಡು ಇನ್ನರ್ಧವನ್ನು ‘ಎಂದಿನಂತೆ’ ಅಂತ ಬಿಟ್ಟರೆ ಅದು ಓದಾಗುವುದಿಲ್ಲ.

ಗೋರಿಗಳ ಕಾಲದವರು ಏನು ಬರೆಸಿದರು ನೋಡಬೇಕೇ? ಹಂಪಿಯಲ್ಲೇ 1439ರ ಕನ್ನಡ ಶಾಸನವಿದೆ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ ಅರಸನಿಗೆ ಪುಣ್ಯವಾಗಲಿ ಎಂದು ಧರ್ಮಶಾಲೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಇದೇ ದೇವರಾಯ ಮುಸ್ಲಿಂ ಸೈನಿಕರ ವಂದನೆಗೆ ತೊಡಕಾಗದಿರಲಿ ಎಂದು ಸಿಂಹಾಸನದ ಮುಂದೆ ಕುರಾನ್ ಇರಿಸಿದ್ದ ಎಂದು ಫಿರಿಶ್ತಾ ಬರೆಯುತ್ತಾನೆ. ಶಂಕೆ ಇರಲಿಲ್ಲ ಅಂತಲ್ಲ, ಶಂಕೆಗೆ ಒಂದು ವ್ಯವಸ್ಥೆ ಮಾಡಿಕೊಂಡಿದ್ದರು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಶಾಸನ ಓದುವಾಗ ಕೊನೆಯ ಸಾಲುಗಳನ್ನೂ ಓದಿ. ಹಾಗೇ ಯಾರಾದರೂ ಕಲ್ಲಿನ ಮುಂದೆಯೋ ಗೋರಿಯ ಮುಂದೆಯೋ ‘ದ್ರೋಹಿ’ ಅಂದರೆ ಮೂರು ಪ್ರಶ್ನೆ ಕೇಳಿ: ಕೊಟ್ಟ ಭಾಷೆ ಯಾವುದು, ಯಾರಿಗೆ ಕೊಟ್ಟದ್ದು, ತಪ್ಪಿದ್ದು ಯಾವಾಗ? ಉತ್ತರ ಬಂದರೆ ಬರೆದಿಟ್ಟುಕೊಳ್ಳೋಣ. ಬರದಿದ್ದರೆ ಅದು ಬರೀ ಅನುಮಾನ, ಅದೂ ಹೊಗೆ ಇಲ್ಲದ್ದು.