ಅಗ್ಗದ ಲೆನ್ಸಿನ ಅಸಲಿ ಲೆಕ್ಕ

ಆನ್‌ಲೈನಿನಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಕೊಳ್ಳುವವರು ಮೊದಲು ಎಡವುವುದು ಡಬ್ಬಿಯ ಎಣಿಕೆಯಲ್ಲಿ. ಬೆಳಿಗ್ಗೆ ಹಾಕಿ ರಾತ್ರಿ ಬಿಸಾಡುವ ‘ಡೈಲಿ’ ಲೆನ್ಸಿನ ಮಾಮೂಲಿ ಡಬ್ಬಿಯಲ್ಲಿ 30 ಇರುತ್ತವೆ. ತಿಂಗಳಿಗೆ ಸಾಕಲ್ಲ ಅನಿಸುತ್ತದೆ. ಆದರೆ ಕಣ್ಣು ಎರಡು. ಹದಿನೈದನೇ ದಿನಕ್ಕೆ ಡಬ್ಬಿ ಖಾಲಿ. ಎರಡು ಕಣ್ಣಿನ ಪವರ್ ಬೇರೆಬೇರೆ ಇದ್ದರಂತೂ ಒಂದು ಡಬ್ಬಿಯಿಂದ ಕೆಲಸವೇ ಆಗದು. ಮೊಬೈಲಿನ ಪರದೆಯ ಮೇಲೆ ದಪ್ಪಕ್ಷರದಲ್ಲಿರುವುದು ಒಂದು ಡಬ್ಬಿಯ ಬೆಲೆ, ಪಕ್ಕದಲ್ಲಿ ಗೀಟು ಹೊಡೆದ ಎಂಆರ್‌ಪಿ, ಕೆಳಗೆ ಶೇಕಡಾ ಇಷ್ಟು ರಿಯಾಯಿತಿ ಎಂಬ ಪಟ್ಟಿ. ಎರಡು ಕಣ್ಣಿಗೆ ದಿನಕ್ಕೆ ಎಷ್ಟು ಬೀಳುತ್ತದೆ ಎಂಬ ಅಂಕಿಯನ್ನು ಮಾತ್ರ ಕೊಳ್ಳುವವರೇ ಹಾಕಿಕೊಳ್ಳಬೇಕು.

ಹಾಕಿಕೊಂಡು ನೋಡಿದರೆ ಅಗ್ಗ ಯಾವುದು, ದುಬಾರಿ ಯಾವುದು ಎಂಬುದು ಎಷ್ಟೋ ಸಲ ತಿರುಗುಮುರುಗಾಗುತ್ತದೆ. ಡೈಲಿ ಲೆನ್ಸ್ ಒಂದಕ್ಕೆ 50 ರೂಪಾಯಿ ಎಂದಿಟ್ಟುಕೊಳ್ಳೋಣ. ದಿನಕ್ಕೆ 100 ಆಯಿತು. ತಿಂಗಳಿಡೀ ಬಳಸುವ ‘ಮಂತ್ಲಿ’ ಒಂದಕ್ಕೆ 300, ಜೋಡಿಗೆ 600, ತೊಳೆದು ನೆನೆಸಿಡುವ ಸಲ್ಯೂಷನ್ನಿಗೆ ತಿಂಗಳಿಗೆ 250 ಎಂದರೆ ಒಟ್ಟು 850. ತಿಂಗಳಲ್ಲಿ ಇಪ್ಪತ್ತೈದು ದಿನ ಲೆನ್ಸ್ ಹಾಕುವ ಕಚೇರಿ ನೌಕರರಿಗೆ ಮಂತ್ಲಿಯೇ ಲಾಭ, ಡೈಲಿಯಾದರೆ 2,500 ತೆರಬೇಕು. ಮದುವೆ, ನಾಟಕ, ಭಾನುವಾರದ ಕ್ರಿಕೆಟ್ ಎಂದು ತಿಂಗಳಿಗೆ ಐದಾರು ದಿನ ಹಾಕುವವರಿಗೆ ಡೈಲಿಯೇ ಅಗ್ಗ. ಏಕೆಂದರೆ ಮಂತ್ಲಿಯ ಮೂವತ್ತು ದಿನ ಎಂದರೆ ಹಾಕಿದ ಮೂವತ್ತು ದಿನವಲ್ಲ. ಪೊಟ್ಟಣ ಒಡೆದ ದಿನದಿಂದ ಮೂವತ್ತು ದಿನ. ನಾಲ್ಕು ಸಲ ಹಾಕಿ ಇಟ್ಟರೂ ತಿಂಗಳಾದ ಮೇಲೆ ಅದನ್ನು ಬಿಸಾಡಲೇಬೇಕು. ಯಾವ ತಾಣದ ಕೂಪನ್ನಿಗಿಂತಲೂ ಈ ಒಂದು ಗುಣಾಕಾರದಿಂದ ಉಳಿಯುವ ಹಣ ಹೆಚ್ಚು.

ಆನ್‌ಲೈನ್ ಮಾರಾಟದ ದೊಡ್ಡ ಉಪಕಾರ ಬೆಲೆಗಳನ್ನು ಒಂದೆಡೆ ಬಯಲಿಗಿಟ್ಟಿದ್ದು. ಅದಕ್ಕೆ ಮೊದಲು ಲೆನ್ಸಿನ ಬೆಲೆ ಗಿರಾಕಿಗೆ ಎಷ್ಟು ಮರೆಯಲ್ಲಿತ್ತು ಎಂಬುದಕ್ಕೆ ಅಮೆರಿಕದ ಬಾಷ್ ಆ್ಯಂಡ್ ಲಾಂಬ್ ಪ್ರಕರಣ ನೋಡಬೇಕು. ಆಪ್ಟಿಮಾ ಎಫ್‌ಡಬ್ಲ್ಯು, ಮೆಡಲಿಸ್ಟ್, ಸೀಕ್ವೆನ್ಸ್-2 ಎಂಬ ಮೂರು ಹೆಸರುಗಳಲ್ಲಿ, ಮೂರು ಬೆಲೆಗಳಿಗೆ, ಬಳಕೆಯ ಅವಧಿಯನ್ನು ಬೇರೆಬೇರೆ ಹೇಳಿ ಕಂಪನಿ ಮಾರುತ್ತಿದ್ದುದು ಒಂದೇ ಲೆನ್ಸನ್ನು ಎಂಬುದು ಬಳಕೆದಾರರ ಆರೋಪವಾಗಿತ್ತು. 1996ರಲ್ಲಿ ಆ ಮೊಕದ್ದಮೆ 6.8 ಕೋಟಿ ಡಾಲರ್ ಮೌಲ್ಯದ ರಾಜಿಯಲ್ಲಿ ಮುಗಿಯಿತು. ಪಕ್ಕಪಕ್ಕ ಇಟ್ಟು ಹೋಲಿಸಲು ದಾರಿಯಿಲ್ಲದ ಗಿರಾಕಿ ಅಲ್ಲಿಯತನಕ ಹೆಸರಿಗೆ ಹಣ ತೆತ್ತಿದ್ದ. ಈ ಕತೆ ಕೇಳಿ ಇಂದಿನ ಡೈಲಿ ಲೆನ್ಸನ್ನು ವಾರಗಟ್ಟಲೆ ಹಾಕಬಹುದು ಎಂದು ಯಾರೂ ತಿಳಿಯಬಾರದು. ಡೈಲಿಯನ್ನು ತೊಳೆದು ಮತ್ತೆ ಹಾಕಲೆಂದು ಮಾಡಿರುವುದಿಲ್ಲ.

ಹೋಲಿಸುವುದಕ್ಕೆ ಬೇಕಾದ ಸುಳಿವು ಡಬ್ಬಿಯ ಮೇಲೆಯೇ ಇದೆ. ಬ್ರ್ಯಾಂಡಿನ ಹೆಸರು ದೊಡ್ಡದಾಗಿ, ವಸ್ತುವಿನ ಹೆಸರು ಸಣ್ಣದಾಗಿ ಅಚ್ಚಾಗಿರುತ್ತದೆ. ಬಯೋಫಿನಿಟಿಯದು ಕಾಮ್‌ಫಿಲ್ಕಾನ್ ಎ, ಅಕ್ಯುವ್ಯೂ ಓಯಸಿಸ್‌ನದು ಸೆನೊಫಿಲ್ಕಾನ್ ಎ, ಅಕ್ಯುವ್ಯೂ ಮಾಯಿಸ್ಟ್‌ನದು ಎಟಾಫಿಲ್ಕಾನ್ ಎ. ಜೊತೆಗೆ ಎರಡು ಅಳತೆ: ಲೆನ್ಸಿನ ಬಾಗನ್ನು ಹೇಳುವ ‘ಬಿಸಿ’, ಅಗಲವನ್ನು ಹೇಳುವ ‘ಡಿಐಎ’. ಬಯೋಫಿನಿಟಿಗೆ ಇವು 8.6 ಮತ್ತು 14.0 ಮಿಲಿಮೀಟರ್. ಅಂಗಡಿಗಳು ಸ್ವಂತ ಹೆಸರಿನಲ್ಲಿ ಮಾರುವ ಲೆನ್ಸುಗಳನ್ನು ತೂಗಿ ನೋಡಲು ಈ ಸಣ್ಣಕ್ಷರವೇ ಆಧಾರ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಪರಿಚಿತವಾದ ಕಾಸ್ಟ್‌ಕೋದ ಕರ್ಕ್‌ಲ್ಯಾಂಡ್ ಡೈಲಿ ಲೆನ್ಸನ್ನು ಮಾಡಿಕೊಡುವುದು ಕೂಪರ್‌ವಿಷನ್. ಅದರ ವಸ್ತು ಸ್ಟೆನ್‌ಫಿಲ್ಕಾನ್ ಎ, ಕೂಪರ್‌ವಿಷನ್ನಿನದೇ ಮೈಡೇ ಲೆನ್ಸಿನಲ್ಲಿರುವುದೂ ಅದೇ. ನಮ್ಮಲ್ಲಿ ಲೆನ್ಸ್‌ಕಾರ್ಟ್ ಅಕ್ವಾಲೆನ್ಸ್ ಎಂಬ ತನ್ನದೇ ಬ್ರ್ಯಾಂಡ್ ಮಾರುತ್ತದೆ. ಸ್ವಂತ ಬ್ರ್ಯಾಂಡ್ ಎಂದ ಮಾತ್ರಕ್ಕೆ ಕಳಪೆಯೂ ಅಲ್ಲ, ಅಗ್ಗ ಎಂದ ಮಾತ್ರಕ್ಕೆ ಹಳೆಯ ಲೆನ್ಸಿಗೆ ಸಮವೂ ಅಲ್ಲ. ವಸ್ತು ಬದಲಾದರೆ ಆಮ್ಲಜನಕ ಹಾಯುವ ಪ್ರಮಾಣ ಬದಲಾಗುತ್ತದೆ, ಬಾಗು ಬದಲಾದರೆ ಕೂರುವ ರೀತಿ ಬದಲಾಗುತ್ತದೆ. ಡಾಕ್ಟರಿಗೋ ಆಪ್ಟೋಮೆಟ್ರಿಸ್ಟರಿಗೋ ಒಮ್ಮೆ ತೋರಿಸಿದ ಮೇಲಷ್ಟೇ ಆ ಉಳಿತಾಯ ಕೈಗೆ ಬಂದಂತೆ.

ಇಲ್ಲಿಂದ ಮುಂದೆ ಈ ವ್ಯಾಪಾರದ ದುರ್ಬಲ ಭಾಗ ಶುರುವಾಗುತ್ತದೆ. ಆರ್ಡರ್ ಪುಟದಲ್ಲಿ ಬಲಗಣ್ಣು, ಎಡಗಣ್ಣು ಎಂದು ಎರಡು ಸಾಲು. ಬೆರಳಿಟ್ಟರೆ ಮೈನಸ್ ಅರ್ಧದಿಂದ ಹತ್ತರಾಚೆಯವರೆಗೂ ಅಂಕಿಗಳ ಪಟ್ಟಿ ಇಳಿಯುತ್ತದೆ. ಕೈಯಲ್ಲಿರುವುದು ಕನ್ನಡಕದ ಚೀಟಿ. ಅದರಲ್ಲಿ ಮೈನಸ್ 6 ಎಂದಿದೆ. ಮೈನಸ್ 6 ಒತ್ತಿದರೆ ಆರ್ಡರ್ ಆಗಿಹೋಗುತ್ತದೆ. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ಆಚೆ ಇರುತ್ತದೆ, ಲೆನ್ಸ್ ಕಣ್ಣಿನ ಮೇಲೆಯೇ ಕೂರುತ್ತದೆ. ಆ ಅಂತರದಿಂದಾಗಿ ಮೈನಸ್ 6ರ ಕನ್ನಡಕದವರಿಗೆ ಬೇಕಾಗುವುದು ಹೆಚ್ಚುಕಡಿಮೆ ಮೈನಸ್ 5.50ರ ಲೆನ್ಸ್. ಪವರ್ 4 ದಾಟಿದವರಿಗೆಲ್ಲ ಈ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. ಸಿಲಿಂಡರ್ ಪವರ್ ಇರುವವರಿಗೆ ಟೋರಿಕ್ ಲೆನ್ಸ್ ಬೇಕು, ಅದರ ಆ್ಯಕ್ಸಿಸ್ ಸರಿಹೊಂದಬೇಕು, ಕಣ್ಣು ಮಿಟುಕಿಸಿದಾಗ ಲೆನ್ಸ್ ತಿರುಗದೆ ನಿಲ್ಲುತ್ತದೆಯೇ ಎಂದು ಯಂತ್ರದಡಿ ನೋಡಬೇಕು. ಕನ್ನಡಕದ ಚೀಟಿಯಲ್ಲಿ ಬಾಗೂ ಇರುವುದಿಲ್ಲ, ಅಗಲವೂ ಇರುವುದಿಲ್ಲ. ಮೊದಲ ಜೋಡಿಯನ್ನು ಹೀಗೆ ಅಂದಾಜಿನ ಮೇಲೆ ತರಿಸುವುದನ್ನು ಉಳಿತಾಯ ಎಂದು ಕರೆಯಲು ಸಾಧ್ಯವೇ ಇಲ್ಲ. ತಪಾಸಣೆಯ ಕೆಲವು ನೂರು ರೂಪಾಯಿ ಮಿಗಿಸಲು ಹೋಗಿ, ಒಡೆದ ಮೇಲೆ ವಾಪಸು ಹೋಗದ ಡಬ್ಬಿಗೆ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುವ ದಾರಿ ಅದು.

ಇದಕ್ಕಿಂತ ಆತಂಕದ ಉಳಿತಾಯ ಮನೆಯ ಸಿಂಕಿನ ಬಳಿ ನಡೆಯುತ್ತದೆ. ತಿಂಗಳ ಲೆನ್ಸನ್ನು ಮೂರು ತಿಂಗಳು ಎಳೆಯುವುದು, ನಿನ್ನೆಯ ಸಲ್ಯೂಷನ್ ಚೆಲ್ಲದೆ ಅದರ ಮೇಲೆಯೇ ನಾಲ್ಕು ಹನಿ ಸುರಿಯುವುದು, ಸಲ್ಯೂಷನ್ ಮುಗಿದ ರಾತ್ರಿ ನಲ್ಲಿ ನೀರಿನಲ್ಲಿ ನೆನೆಸುವುದು. ಅಕಾಂತಮೀಬಾ ಎಂಬ ಏಕಕೋಶ ಜೀವಿ ನಲ್ಲಿ ನೀರಿನಲ್ಲೂ ಬಾವಿ ನೀರಿನಲ್ಲೂ ಇರಬಲ್ಲದು. ಲೆನ್ಸಿನ ಅಡಿ ಸಿಕ್ಕಿಕೊಂಡು ಕಾರ್ನಿಯಾಗೆ ಇಳಿದರೆ ತಿಂಗಳುಗಟ್ಟಲೆ ಔಷಧಿ, ಕೆಲವೊಮ್ಮೆ ಕಾರ್ನಿಯಾ ಕಸಿಯವರೆಗೂ ಹೋಗುತ್ತದೆ. ಲೆನ್ಸ್ ಹಾಕಿದ ಕಣ್ಣು ಕೆಂಪಾಗಿ, ನೋವು ಬಂದು, ಬೆಳಕು ನೋಡಲಾಗದಂತಾದರೆ ಆ ಕ್ಷಣವೇ ಲೆನ್ಸ್ ತೆಗೆದು ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ತೆಗೆದ ಲೆನ್ಸನ್ನೂ ಅದರ ಕೇಸನ್ನೂ ಬಿಸಾಡದೆ ಜೊತೆಗೆ ಒಯ್ಯಬೇಕು, ರೋಗಾಣುವಿನ ಪರೀಕ್ಷೆಗೆ ಅವು ನೆರವಾಗುತ್ತವೆ. ಲೆನ್ಸ್ ಕೇಸನ್ನು ಮೂರು ತಿಂಗಳಿಗೊಮ್ಮೆಯಾದರೂ ಬದಲಿಸಬೇಕು ಎಂಬ ಸಲಹೆಯ ಹಿಂದೆ ಇರುವುದೂ ಈ ಭಯವೇ. ಕೇಸಿನ ಬೆಲೆ ತೀರಾ ಕಡಿಮೆ. ಇದರಲ್ಲಿ ಜಿಪುಣತನ ಬೇಡವೇ ಬೇಡ.

ಕಾನೂನಿನ ವಿಷಯದಲ್ಲಿ ಅಮೆರಿಕ ನಮಗಿಂತ ಮುಂದಿದೆ. 2003ರಲ್ಲಿ ಅಲ್ಲಿ ಬಂದ ಕಾಯ್ದೆಯ ಪ್ರಕಾರ, ಲೆನ್ಸ್ ಹೊಂದಿಸಿದ ಮೇಲೆ ಅದರ ಚೀಟಿಯ ಪ್ರತಿಯನ್ನು ರೋಗಿ ಕೇಳದಿದ್ದರೂ ಕೊಡಬೇಕು. ಮಾರುವವರು ಆ ಚೀಟಿಯನ್ನು ಪಡೆದಿರಬೇಕು ಅಥವಾ ಬರೆದವರಿಂದ ಖಚಿತ ಮಾಡಿಕೊಳ್ಳಬೇಕು. ಕಣ್ಣಿನ ಬಣ್ಣ ಬದಲಿಸುವ, ಪವರ್ ಇಲ್ಲದ ಲೆನ್ಸಿಗೂ ಅಲ್ಲಿ ಚೀಟಿ ಬೇಕು. ಬೆಲೆಯ ಪೈಪೋಟಿ ಮತ್ತು ಕಣ್ಣಿನ ಸುರಕ್ಷತೆ ಎರಡನ್ನೂ ಒಂದೇ ಕಾಯ್ದೆ ಹಿಡಿದಿಡಬಹುದು ಎಂಬುದಕ್ಕೆ ಇದು ಒಳ್ಳೆಯ ಮಾದರಿ.

ನಮ್ಮಲ್ಲಿ ಗಿರಾಕಿಯ ಕೈಯಲ್ಲಿರುವ ಆಯುಧಗಳು ಬೇರೆ. ಆಮದಾದ ಡಬ್ಬಿಯ ಮೇಲೆ ಎಂಆರ್‌ಪಿ ಮತ್ತು ಆಮದುದಾರರ ಹೆಸರು ವಿಳಾಸ ಇರಲೇಬೇಕು; ಇಲ್ಲದಿದ್ದರೆ ಬೆಲೆ ಎಷ್ಟೇ ಇಳಿದಿದ್ದರೂ ಆ ಡಬ್ಬಿ ಬೇಡ. ಅವಧಿ ಮುಗಿಯುವ ತಿಂಗಳನ್ನು ಡಬ್ಬಿಯ ಮೇಲೆ ಮಾತ್ರವಲ್ಲ, ಒಂದೊಂದು ಪೊಟ್ಟಣದ ಫಾಯಿಲ್ ಮೇಲೂ ಓದಬಹುದು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಟ್ಟು, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಹಾಗಾಗಿ, ಒಮ್ಮೆ ಹೊಂದಿಸಿಕೊಂಡು, ಚೀಟಿಯಲ್ಲಿ ಬಾಗು, ಅಗಲ, ವಸ್ತು ಎಲ್ಲ ಬರೆಸಿಕೊಂಡವರು ಅದೇ ಲೆನ್ಸನ್ನು ಮತ್ತೆ ಮತ್ತೆ ತರಿಸಲು ಆನ್‌ಲೈನ್ ನಿಜಕ್ಕೂ ಒಳ್ಳೆಯ ಮಾರುಕಟ್ಟೆ. ಪವರ್ ಇನ್ನೂ ಏರುತ್ತಿರುವ ಕಾಲೇಜು ಹುಡುಗ ಹುಡುಗಿಯರು ವರ್ಷಕ್ಕಾಗುವಷ್ಟು ಡಬ್ಬಿಗಳ ಕಟ್ಟನ್ನು ಕೊಳ್ಳದಿರುವುದು ಲೇಸು. ಮೊದಲ ಸಲ ಲೆನ್ಸ್ ಹಾಕುವವರಿಗೆ ಈ ಮಾರುಕಟ್ಟೆ ಇಂದಿನ ರೂಪದಲ್ಲಿ ತಕ್ಕದ್ದಲ್ಲ, ಮತ್ತು ಅದನ್ನು ಸರಿಪಡಿಸುವ ಹೊಣೆ ಗಿರಾಕಿಯದಲ್ಲ, ಮಾರುವವರದು. ಮೊದಲ ಆರ್ಡರಿಗೆ ಲೆನ್ಸಿನ ಚೀಟಿಯ ಫೋಟೊ ಕಡ್ಡಾಯ ಮಾಡುವುದು, ಡಬ್ಬಿಯ ಬೆಲೆಯ ಪಕ್ಕದಲ್ಲೇ ಎರಡು ಕಣ್ಣಿನ ದಿನದ ಖರ್ಚನ್ನು ಅಷ್ಟೇ ದಪ್ಪಕ್ಷರದಲ್ಲಿ ತೋರಿಸುವುದು: ಎರಡೂ ಒಂದು ಪುಟದ ವಿನ್ಯಾಸ ಬದಲಿಸಿದರೆ ಆಗುವ ಕೆಲಸ.