ಬೆವರ್ಲಿಯ ‘ನಾವು’ ಯಾರು?

1624ರಲ್ಲಿ ವರ್ಜೀನಿಯಾ ಕಂಪನಿಯ ಸನ್ನದು ರದ್ದಾಗಿ ಆ ವಸಾಹತು ನೇರವಾಗಿ ಇಂಗ್ಲೆಂಡಿನ ದೊರೆಯ ಆಳ್ವಿಕೆಗೆ ಬಂತು. ಗವರ್ನರ್ ದೊರೆ ನೇಮಿಸಿದವನು. ಶಾಸನಸಭೆ ಅಲ್ಲಿನ ಭೂಮಾಲೀಕರದ್ದು. ಇವರಿಬ್ಬರ ಜಗ್ಗಾಟವನ್ನು ಒಳಗಿನವನಾಗಿ ಬರೆದವನು ರಾಬರ್ಟ್ ಬೆವರ್ಲಿ. 1705ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ವರ್ಜೀನಿಯಾ ಚರಿತ್ರೆ ಗವರ್ನರುಗಳನ್ನು, ಅದರಲ್ಲೂ ಫ್ರಾನ್ಸಿಸ್ ನಿಕೊಲ್ಸನ್‌ನನ್ನು, ಹೆಸರು ಹಿಡಿದು ಜಾಡಿಸುತ್ತದೆ.

ತಾನೊಬ್ಬ ಇಂಡಿಯನ್, ತನ್ನ ಭಾಷೆಯಲ್ಲಿ ನಯ ನಿರೀಕ್ಷಿಸಬೇಡಿ ಎಂದು ಅವನು ಮುನ್ನುಡಿಯಲ್ಲಿ ಹೇಳಿಕೊಳ್ಳುತ್ತಾನೆ. ವರ್ಜೀನಿಯಾದಲ್ಲೇ ಹುಟ್ಟಿದ ಬಿಳಿಯ ತೋಟದೊಡೆಯ ಲಂಡನ್ನಿನ ಓದುಗರೆದುರು ಮೂಲನಿವಾಸಿಯ ವೇಷ ತೊಡುವ ಈ ಜಾಣತನ ಮೊದಲ ಓದಿನಲ್ಲಿ ನನಗೂ ಹಿಡಿಸಿತ್ತು. ಆದರೆ ಗುಲಾಮರ ಅಧ್ಯಾಯಕ್ಕೆ ಬಂದಾಗ ದನಿ ಬದಲಾಗುತ್ತದೆ. ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂಬ ಕಾನೂನನ್ನು ತಣ್ಣಗೆ ವಿವರಿಸಿ, ಅವರ ದುಡಿಮೆ ಅಷ್ಟೇನೂ ಕಠಿಣವಲ್ಲ ಎಂದು ಸಮಜಾಯಿಷಿ ಕೊಡುತ್ತಾನೆ. ಗವರ್ನರನೊಡನೆ ಹಕ್ಕುಗಳಿಗಾಗಿ ಸೆಣಸುತ್ತಿದ್ದ ಸಭೆಯೇ ಗುಲಾಮಗಿರಿಯನ್ನು ಬಿಗಿಗೊಳಿಸುವ ಸಂಹಿತೆಯನ್ನು ಅಂಗೀಕರಿಸಿದ್ದೂ 1705ರಲ್ಲೇ.

ಹಾಗಾಗಿ ಈ ಕೃತಿಯನ್ನು ಬರೀ ಪ್ರಭುತ್ವವಿರೋಧಿ ಬರಹವೆಂದು ಮೆಚ್ಚಿ ಮುಗಿಸುವಂತಿಲ್ಲ. ದೊರೆಯ ಪ್ರತಿನಿಧಿಯ ದಬ್ಬಾಳಿಕೆ ಅವನಿಗೆ ಚೆನ್ನಾಗಿ ಕಾಣುತ್ತದೆ. ತನ್ನ ತೋಟದ್ದು ಕಾಣುವುದಿಲ್ಲ. ಅವನ ಸಿಟ್ಟು ನಿಜವಾದದ್ದೇ. ಆ ಸಿಟ್ಟಿನಲ್ಲಿ ಯಾರಿಗೆ ಪಾಲಿಲ್ಲ ಎಂದು ಕೇಳುತ್ತಲೇ ಅದನ್ನು ಓದಬೇಕು.