ಮುಳ್ಳು ನೋಡಬೇಡಿ, ಹಲಗೆ ತಳ್ಳಿ ನೋಡಿ

ರಾಯಚೂರಿನಲ್ಲಿ ಮನೆ ಕಟ್ಟಿಸುವವರು ತಲಬಾಗಿಲಿನ ಮಾತು ಬಂದಾಗ ಎರಡೇ ಪ್ರಶ್ನೆ ಕೇಳುತ್ತಾರೆ. ಕಟ್ಟಿಗೆ ಯಾವುದು? ಡಿಸೈನ್ ಯಾವುದು? ಕೆತ್ತುವಾಗ ಹಲಗೆಯನ್ನು ಹಿಡಿದದ್ದು ಏನು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಗಜಲಕ್ಷ್ಮಿಯ ಕಮಲದ ಎಸಳು ಒಂದು ಬದಿಗೆ ತುಂಬಿಕೊಂಡು ಇನ್ನೊಂದು ಬದಿಗೆ ಸವೆದಂತೆ ಕಂಡರೆ, ಬಳ್ಳಿಯ ಗೆರೆ ಜೋಡಿಯಾಗಿ ಬಿದ್ದಿದ್ದರೆ, ಬೈಗುಳ ತಿನ್ನುವವನು ಬಡಿಗೇರ, ಇಲ್ಲವೇ ಮಷಿನ್. ತಪ್ಪು ಮಾಡಿದ್ದು ಬಹಳ ಸಲ ಹಿಡಿತ.

ನೆಲದ ಮೇಲೆ ಕೂತು ಕುಂಟೆ, ಕೂರಿಗೆ ಮಾಡುತ್ತಿದ್ದ ನಮ್ಮ ಸೀಮೆಯ ಬಡಿಗೇರರಿಗೆ ಸ್ವಂತ ಪಾದವೇ ಕ್ಲಾಂಪ್. ಜಾಲಿ ಕಟ್ಟಿಗೆಯನ್ನು ಅಂಗಾಲಿನಲ್ಲಿ ಒತ್ತಿ, ಹೆಬ್ಬೆರಳಲ್ಲಿ ಅಂಚು ಹಿಡಿದು ಬಾಚಿ ಆಡಿಸುತ್ತಿದ್ದರು. ಪೆಟ್ಟು ಯಾವ ಕಡೆಗೆ ಬೀಳುತ್ತದೋ ಆ ಕಡೆಗೆ ಪಾದ ತಾನೇ ಬಿಗಿಯಾಗುತ್ತಿತ್ತು. ಆಮೇಲೆ ತುಂಗಭದ್ರಾ ಎಡದಂಡೆ ಕಾಲುವೆಯಿಂದ ಮಾನ್ವಿ ಕಡೆ ಭತ್ತ ಬಂತು, ನಾರಾಯಣಪುರ ಬಲದಂಡೆ ಕಾಲುವೆಯಿಂದ ದೇವದುರ್ಗದ ಹೊಲಗಳಿಗೆ ಕೃಷ್ಣೆಯ ನೀರು ಬಂತು. ಕೂರಿಗೆಯ ಕೆಲಸವನ್ನು ಟ್ರ್ಯಾಕ್ಟರ್ ಕಸಿದುಕೊಂಡಿತು. ತಲಬಾಗಿಲು, ದೇವರಮನೆ ಬಾಗಿಲುಗಳ ಕೆಲಸ ಹೆಚ್ಚಿತು. ಅದರ ಬೆನ್ನಿಗೇ, ಕಂಪ್ಯೂಟರ್ ಹೇಳಿದಂತೆ ಕೆತ್ತುವ ಸಿಎನ್‌ಸಿ ರೌಟರ್ ಬಂತು. ನಿಮಿಷಕ್ಕೆ 18,000 ಸುತ್ತು ತಿರುಗುವ ಬಿಟ್‌ನ ಹತ್ತಿರ ಪಾದಕ್ಕೇನು ಕೆಲಸ?

ಕಡಿಮೆ ಬೆಲೆಯ ರೌಟರ್‌ಗಳಲ್ಲಿ ಹಲಗೆ ಇಡುವ ಬೆಡ್‌ನ ಉದ್ದಕ್ಕೂ ಟಿ-ಸ್ಲಾಟ್ ಎಂಬ ಕಾಲುವೆ ಇರುತ್ತದೆ. ಅದರೊಳಗೆ ಬೋಲ್ಟ್ ಸರಿಸಿ, ಹಲಗೆಯ ಅಂಚಿಗೆ ಪಟ್ಟಿ ಕೂರಿಸಿ, ನಟ್ ಬಿಗಿದರೆ ಆಯಿತು. ಇದರಲ್ಲಿ ಎರಡು ತೊಂದರೆ. ಹಿಡಿತವೆಲ್ಲ ಅಂಚಿನಲ್ಲೇ ಇರುವುದರಿಂದ ನಡುಭಾಗ ಬಿಟ್‌ನ ಕೆಳಗೆ ನಡುಗುತ್ತದೆ. ಗೆರೆ ಜೋಡಿಯಾಗುವುದು ಆಗಲೇ. ಇನ್ನು, ಅಂಚಿನವರೆಗೆ ಕೆತ್ತಬೇಕಾದಾಗ ಕ್ಲಾಂಪ್‌ಗಳೇ ದಾರಿಗೆ ಅಡ್ಡ. ನಡುವೆ ಮಷಿನ್ ನಿಲ್ಲಿಸಿ ಕ್ಲಾಂಪ್ ಜಾಗ ಬದಲಿಸುವಾಗ ಹಲಗೆ ಕೂದಲೆಳೆಯಷ್ಟು ಸರಿದರೂ ಡಿಸೈನ್ ಕೂಡುವುದಿಲ್ಲ. ಇದಕ್ಕೆ ಪರಿಹಾರವಾಗಿ ಬಂದದ್ದು ವ್ಯಾಕ್ಯೂಮ್ ಬೆಡ್. ಹಲಗೆಯ ಅಡಿಯ ಗಾಳಿಯನ್ನು ಪಂಪ್ ತೆಗೆಯುತ್ತದೆ, ಮೇಲಿನ ಗಾಳಿ ಹಲಗೆಯನ್ನು ಒತ್ತಿ ಹಿಡಿಯುತ್ತದೆ. ಮೇಲ್ಗಡೆ ಒಂದು ನಟ್ಟೂ ಬೇಡ. ಇಡೀ ಮೈ ಕೆತ್ತನೆಗೆ ಖಾಲಿ.

ಪಂಪ್ ಹಲಗೆಯನ್ನು ಎಳೆದು ಹಿಡಿಯುತ್ತದೆ ಎಂದೇ ಅಂಗಡಿಯವರೂ ತಿಳಿದಿರುತ್ತಾರೆ. ಒತ್ತುವುದು ನಮ್ಮ ತಲೆಯ ಮೇಲಿನ ಗಾಳಿ. ಜರ್ಮನಿಯ ಮಾಗ್ಡೆಬರ್ಗ್‌ನ ಒಟ್ಟೊ ಫಾನ್ ಗೆರಿಕೆ 1657ರಲ್ಲಿ ಇದನ್ನು ಜನರೆದುರು ತೋರಿಸಿಕೊಟ್ಟ. ಸುಮಾರು ಅರ್ಧ ಮೀಟರ್ ಅಡ್ಡಳತೆಯ ಎರಡು ತಾಮ್ರದ ಅರ್ಧಗೋಳಗಳನ್ನು ಬರಿದೇ ಜೋಡಿಸಿ ಒಳಗಿನ ಗಾಳಿ ತೆಗೆದ. ಒಂದೊಂದು ಕಡೆಗೆ ಎಂಟೆಂಟರಂತೆ 16 ಕುದುರೆ ಕಟ್ಟಿ ಎಳೆಸಿದರೂ ಬಿಡಿಸಲು ಪ್ರಯಾಸ. ಎಳೆತದ ಬಲವನ್ನು ಕಣ್ಣಾರೆ ನೋಡಬೇಕೆಂದರೆ ನಮಗೆ ರಾಯಚೂರು ಕೋಟೆಯೇ ಇದೆ. ಅಲ್ಲಿ 1294ರ ಶಾಸನ ಹೊತ್ತ, 40 ಅಡಿಗೂ ಮಿಕ್ಕ ಉದ್ದದ ಕಲ್ಲನ್ನು ಸಾಲು ಕೋಣಗಳು ಬಂಡಿಯಲ್ಲಿ ಎಳೆದು ತರುವ ಚಿತ್ರವನ್ನು ಗೋಡೆಯ ಮೇಲೆ ಕೊರೆದಿದ್ದಾರೆ. ಹಿಂದಿನಿಂದ ಚಕ್ರಕ್ಕೆ ಸನ್ನೆಗೋಲು ಕೊಡುವವನೂ ಇದ್ದಾನೆ. ಗಾಳಿಯ ಬಲವನ್ನು ಹಾಗೆ ಚಿತ್ರ ಬರೆದು ತೋರಿಸಲಾಗದು, ಲೆಕ್ಕ ಹಾಕಬೇಕು.

ಲೆಕ್ಕ ಸರಳ. ಸಮುದ್ರಮಟ್ಟದಲ್ಲಿ ಗಾಳಿ ಚದರ ಸೆಂ.ಮೀ.ಗೆ ಸುಮಾರು 1.03 ಕೆ.ಜಿ. ಒತ್ತುತ್ತದೆ. ಸುಮಾರು 400 ಮೀಟರ್ ಎತ್ತರದ ರಾಯಚೂರಿನಲ್ಲಿ ಅದು 0.98. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 0.93ರ ಆಸುಪಾಸು. ಅಂದರೆ ಪಂಪ್ ಒಂದೇ ಆದರೂ ಅಲ್ಲಿಗಿಂತ ಇಲ್ಲಿ ಸಿಗುವ ಹಿಡಿತ ಒಂದಿಷ್ಟು ಹೆಚ್ಚು. ಬಿಸಿಲ ನಾಡಿಗೆ ಪುಕ್ಕಟೆ ಸಿಕ್ಕ ಅನುಕೂಲ ಇದೊಂದೇ ಇರಬೇಕು.

ಅಂಗಡಿಯ ಬೆಡ್‌ನಲ್ಲಿ ಪೂರ್ತಿ ನಿರ್ವಾತ ಸಿಗುವುದಿಲ್ಲ, 0.6 ಕೆ.ಜಿ. ಸಿಕ್ಕಿತು ಎನ್ನಿ. 45 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದದ ಬಾಗಿಲ ಪ್ಯಾನೆಲ್ ಮೇಲೆ ಒಟ್ಟು 1,620 ಕೆ.ಜಿ. ಭಾರ ಬೀಳುತ್ತದೆ. ಆದರೆ ಬಿಟ್ ಹಲಗೆಯನ್ನು ದೂಡುವುದು ಪಕ್ಕಕ್ಕೆ. ಅದನ್ನು ತಡೆಯುವುದು ಘರ್ಷಣೆ. ಅದು ಸಿಗುವುದು ಭಾರದ ಮೂರನೇ ಒಂದು ಪಾಲಿಗಿಂತ ಕಡಿಮೆಯೇ. ಆದರೂ 400 ಕೆ.ಜಿ. ಮೀರಿದ ತಡೆ ಇದೆ, ಚಿಂತೆಯಿಲ್ಲ. ಇದೇ ಬೆಡ್ ಮೇಲೆ 5 ಸೆಂ.ಮೀ. ಚೌಕದ ಹೂವಿನ ತುಂಡು ಇಡಿ. ಭಾರ 15 ಕೆ.ಜಿ., ಪಕ್ಕದ ತಡೆ ನಾಲ್ಕೋ ಐದೋ ಕೆ.ಜಿ. ಬಿಟ್ ಮುಟ್ಟಿದ ಕೂಡಲೇ ತುಂಡು ಹಾರಿ ಗೋಡೆಗೆ ಬಡಿಯುತ್ತದೆ. ಎರಡೂ ಸಲ ಬೆಡ್‌ನ ವ್ಯಾಕ್ಯೂಮ್ ಗೇಜ್ ತೋರಿಸಿದ್ದು ಒಂದೇ ಅಂಕಿ. ಗೇಜ್ ಹೇಳುವುದು ಒತ್ತಡವನ್ನು ಮಾತ್ರ, ಹಿಡಿತವನ್ನಲ್ಲ. ಹಿಡಿತ ನಿಂತಿರುವುದು ವಿಸ್ತೀರ್ಣದ ಮೇಲೆ, ಸೋರಿಕೆಯ ಮೇಲೆ.

ಸೋರಿಕೆ ಎಲ್ಲಿಂದ ಎಂದು ತಿಳಿಯಲು ಬೆಡ್‌ನ ರಚನೆ ನೋಡಬೇಕು. ಶೀಟ್ ಕೆಲಸಕ್ಕೆ, ಅಂದರೆ ದೇವರಮನೆಯ ಎಂಡಿಎಫ್ ಜಾಲಿಗೆ, ಪಾರ್ಟಿಷನ್‌ಗೆ, ಬೆಡ್ ಮೇಲೆ 18 ಮಿ.ಮೀ. ದಪ್ಪದ ಇನ್ನೊಂದು ಎಂಡಿಎಫ್ ಹಾಸುತ್ತಾರೆ. ಎಂಡಿಎಫ್ ಮೂಲಕ ಗಾಳಿ ಹಾಯುತ್ತದೆ ಎಂದರೆ ಹೊಸಬರು ನಂಬುವುದಿಲ್ಲ. ಅದರ ಎರಡೂ ಮುಖದ ಚರ್ಮ ಗಟ್ಟಿ. ಎರಡೂ ಕಡೆ ಅರ್ಧ ಮಿ.ಮೀ.ನಷ್ಟು ಸವರಿ ತೆಗೆದರೆ ಒಳಗಿನ ನಾರಿನ ಸಂದಿಯಿಂದ ಗಾಳಿ ಸರಾಗವಾಗಿ ಇಳಿಯುತ್ತದೆ. ಅಂಚುಗಳಿಗೆ ಮಾತ್ರ ಪೇಂಟ್ ಬಳಿದು ಅಥವಾ ಎಡ್ಜ್ ಬ್ಯಾಂಡ್ ಅಂಟಿಸಿ ಮುಚ್ಚಬೇಕು. ಇಲ್ಲದಿದ್ದರೆ ಪಂಪ್ ಹಗಲೆಲ್ಲ ಅಂಗಡಿಯ ಗಾಳಿಯನ್ನೇ ಕುಡಿಯುತ್ತದೆ. ಕೆಲಸ ಸಾಗಿದಂತೆ ಹಾಸಿನ ಸಂದಿಗೆ ಹಿಟ್ಟಿನಂಥ ಧೂಳು ಕೂರುತ್ತದೆ. ಆಗ ಮತ್ತೆ ಒಂದು ಪದರ ಸವರಬೇಕು. ಖಾಲಿ ಉಳಿದ ಜಾಗದ ಮೇಲೆ ಸನ್‌ಮೈಕಾ ತುಂಡು ಮುಚ್ಚಿದರೂ ಗೇಜಿನ ಮುಳ್ಳು ಮೇಲೇರುವುದು ಕಾಣುತ್ತದೆ.

ಶೀಟ್ ಕತ್ತರಿಸುತ್ತ ಹೋದಂತೆ ಪ್ರತಿ ಸೀಳೂ ಹೊಸ ಸೋರಿಕೆಯೇ. ಅದಕ್ಕೇ ಬಲ್ಲವರು ಸಣ್ಣ ತುಂಡುಗಳನ್ನು ಮೊದಲು ಕತ್ತರಿಸುತ್ತಾರೆ, ಶೀಟ್ ಇನ್ನೂ ಇಡಿಯಾಗಿ ಹಿಡಿದಿರುವಾಗಲೇ. ಅಡಿಯಲ್ಲಿ ಅರ್ಧ ಮಿ.ಮೀ. ಸಿಪ್ಪೆ ಉಳಿಸಿ, ಕಡೆಯ ಸುತ್ತಿನಲ್ಲಿ ಮೆಲ್ಲಗೆ ಬಿಡಿಸುತ್ತಾರೆ. ಬಿಟ್ ಆರಿಸುವಾಗಲೂ ಗಮನ ಬೇಕು. ಹೊಟ್ಟನ್ನು ಮೇಲಕ್ಕೆ ಎತ್ತುವ ಅಪ್‌ಕಟ್ ಬಿಟ್ ಹಲಗೆಯನ್ನೂ ಮೇಲಕ್ಕೆ ಎತ್ತುತ್ತದೆ. ಡೌನ್‌ಕಟ್ ಬಿಟ್ ಕೆಳಕ್ಕೆ ಒತ್ತಿ ಹಿಡಿತಕ್ಕೆ ನೆರವಾಗುತ್ತದೆ.

ತಲಬಾಗಿಲಿನ ಸಾಗವಾನಿಗೆ ಈ ಎಂಡಿಎಫ್ ಹಾಸು ಸಾಲದು. ಅಲ್ಲಿ ಬೇಕಾದದ್ದು ಗ್ಯಾಸ್ಕೆಟ್. ಹಲಗೆಯ ಆಕಾರಕ್ಕೆ ತಕ್ಕ ಕಾಲುವೆಯಲ್ಲಿ ಸ್ಪಂಜಿನಂಥ ರಬ್ಬರ್ ಹುರಿಯನ್ನು ಬೆರಳಿನಿಂದ ಒತ್ತಿ ಕೂರಿಸುತ್ತಾರೆ, ಹಲಗೆ ಇಟ್ಟು ಅಂಗೈಯಿಂದ ಒಮ್ಮೆ ಅಮುಕುತ್ತಾರೆ, ವಾಲ್ವ್ ತಿರುಗಿಸುತ್ತಾರೆ. ಮೊದಲು ಜೋರಾಗಿ ಬುಸ್ ಎನ್ನುವ ಸದ್ದು ಸಣ್ಣಗಾಗುತ್ತ ಬಂದು, ಪಂಪಿನ ದನಿ ಬದಲಾಗುತ್ತದೆ. ರಬ್ಬರ್ ಚಪ್ಪಟೆಯಾಗಿ ಹಲಗೆ ಬೆಡ್‌ಗೆ ಅಂಟಿ ಕೂತದ್ದು ಕಣ್ಣಿಗೇ ಕಾಣುತ್ತದೆ. ಸದ್ದು ಉಳಿದರೆ ಎಲ್ಲೋ ಗಾಳಿ ನುಗ್ಗುತ್ತಿದೆ ಎಂದೇ ಅರ್ಥ. ಎಲ್ಲಿ ಎಂದು ಹುಡುಕಲು ಹತ್ತಿ ಊರಿನವರಿಗೆ ಉಪಕರಣ ಬೇಕಿಲ್ಲ. ಒಂದು ಎಳೆ ಅರಳೆ ಹಿಡಿದು ಅಂಚಿನಗುಂಟ ಸಾಗಿಸಿ. ಸೋರುವ ಕಡೆ ಅದು ಒಳಕ್ಕೆ ಬಾಗುತ್ತದೆ. ಸಾಗವಾನಿಯಲ್ಲಿ ಅದು ಬಾಗುವುದು ಹೆಚ್ಚಾಗಿ ಕೊಯ್ದ ತಲೆಯ ಕಡೆ. ಅಲ್ಲಿ ಮರದ ನಾಳಗಳು ಬಾಯಿ ತೆರೆದಿರುತ್ತವೆ. ಒಂದು ಕೈ ಪಾಲಿಶ್ ಬಳಿದರೆ, ಇಲ್ಲವೇ ಟೇಪ್ ಅಂಟಿಸಿದರೆ ತೀರಿತು.

ಘಟ್ಟದ ಕಡೆಯಿಂದ ಬಂದ ಹಲಗೆ ರಾಯಚೂರಿನ ಬಿಸಿಲಿಗೆ ಒಣಗುತ್ತ ಬಾಗುತ್ತದೆ. ಅಂಥ ಹಲಗೆಯನ್ನು ಬೆಡ್ ಮೇಲಿಟ್ಟು ವಾಲ್ವ್ ತೆರೆದರೆ ಟನ್ನುಗಟ್ಟಲೆ ಗಾಳಿ ಅದನ್ನು ಒತ್ತಿ ಸಪಾಟು ಮಾಡಿಬಿಡುತ್ತದೆ. ಕೆತ್ತನೆ ಸೊಗಸಾಗಿ ಮುಗಿಯುತ್ತದೆ. ವಾಲ್ವ್ ಮುಚ್ಚಿದೊಡನೆ ಹಲಗೆ ತನ್ನ ಹಳೆಯ ಡೊಂಕಿಗೆ ಮರಳುತ್ತದೆ, ಕೆತ್ತನೆಯೂ ಅದರ ಜೊತೆ ಬಾಗುತ್ತದೆ. ಟಿ-ಸ್ಲಾಟ್ ಕ್ಲಾಂಪ್‌ನಲ್ಲಾದರೆ ಡೊಂಕು ಎದುರಿಗೇ ಕಾಣುತ್ತಿತ್ತು; ವ್ಯಾಕ್ಯೂಮ್ ಅದನ್ನು ಬಚ್ಚಿಡುತ್ತದೆ. ಬಾಗಿಲು ಮಾಡಿಸುವವರು ಕೇಳಬೇಕಾದದ್ದು ಇದನ್ನೇ: ಹಲಗೆ ಈ ಊರಿನ ಗಾಳಿಯಲ್ಲಿ ಒಂದು ಬೇಸಿಗೆ ಕಳೆದಿದೆಯೇ? ಬೆಡ್‌ಗೆ ಏರಿಸುವ ಮುನ್ನ ಅದರ ಅಡಿಮುಖವನ್ನು ಹತ್ತರಿ ಹೊಡೆದು ನೇರ ಮಾಡಿದ್ದಾರೆಯೇ?

ಪಂಪಿನ ಆಯ್ಕೆಗೂ ನಮ್ಮ ಹವೆಗೂ ನಂಟಿದೆ. ಪೇಟೆಯಲ್ಲಿ ಮೂರು ಬಗೆ ಸಿಗುತ್ತವೆ. ಬ್ಲೋವರ್ ಜಾತಿಯದು ಹೇರಳ ಗಾಳಿ ಸೆಳೆಯುತ್ತದೆ, ಸೋರಿಕೆಗೆ ಅಂಜುವುದಿಲ್ಲ, ಒತ್ತಡ ಮಾತ್ರ ಕಡಿಮೆ. ದೊಡ್ಡ ಶೀಟ್‌ಗಳಿಗೆ ಸರಿ. ವೇನ್ ಪಂಪ್ ಗಟ್ಟಿಯಾಗಿ ಹಿಡಿಯುತ್ತದೆ, ಧೂಳನ್ನು ಮಾತ್ರ ತಾಳುವುದಿಲ್ಲ. ನೀರಿನ ಉಂಗುರದ ಪಂಪ್ ಧೂಳಿಗೆ ಜಗ್ಗುವುದಿಲ್ಲ, ಅದಕ್ಕೇ ಬಳಕೆ ಹೆಚ್ಚು. ಅದರ ಶತ್ರು ಶಾಖ. ಬೇಸಿಗೆಯಲ್ಲಿ ಟ್ಯಾಂಕಿನ ನೀರು 40 ಡಿಗ್ರಿ ಮುಟ್ಟಿದರೆ ಆ ನೀರೇ ಆವಿಯಾಗಿ ಪಾದರಸದ 55 ಮಿ.ಮೀ.ನಷ್ಟು ಒತ್ತಡ ತುಂಬುತ್ತದೆ. 15 ಡಿಗ್ರಿ ನೀರಿನಲ್ಲಿ ಅದು 13 ಮಿ.ಮೀ. ಮಾತ್ರ. ಹಿಡಿತ ಒಮ್ಮೆಗೇ ಕುಸಿಯದು. ಸೋರಿಕೆಯನ್ನು ಸರಿದೂಗಿಸುವ ತಾಕತ್ತು ಇಳಿಯುತ್ತದೆ. ಬೆಳಿಗ್ಗೆ ಹಿಡಿದ ಹಲಗೆ ಮಧ್ಯಾಹ್ನ ಜಾರುವ ಗುಟ್ಟು ಇದೇ.

ಶಕ್ತಿನಗರದಲ್ಲಿ ಕೆಲಸ ಮಾಡಿದವರಿಗೆ ಇದು ಹೊಸ ಸುದ್ದಿಯಲ್ಲ. 1985ರಲ್ಲಿ ಮೊದಲ ಘಟಕ ಶುರುವಾದ ಅಲ್ಲಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಟರ್ಬೈನ್‌ಗಳ ಅಡಿಯಲ್ಲಿ ಕಂಡೆನ್ಸರ್‌ಗಳಿವೆ. ಉಗಿ ನೀರಾಗುವ ಜಾಗದಲ್ಲಿ ನಿರ್ವಾತ ಕಾಯ್ದುಕೊಳ್ಳುವುದು ಅಲ್ಲಿನ ಹಗಲಿರುಳ ಕೆಲಸ. ತಂಪು ಮಾಡುವ ನೀರು ಬಿಸಿಯಾದರೆ ಅಲ್ಲೂ ವ್ಯಾಕ್ಯೂಮ್ ಇಳಿಯುತ್ತದೆ. ಬಾಗಿಲಂಗಡಿಯವನೂ ಆ ಮಟ್ಟದ ಎಚ್ಚರ ವಹಿಸಲಿ: ಟ್ಯಾಂಕ್ ದೊಡ್ಡದಿರಲಿ, ನೆರಳಲ್ಲಿರಲಿ, ನೀರು ಬದಲಾಗುತ್ತಿರಲಿ. ಬೋರಿನ ಗಡಸು ನೀರು ಹಾಕಿದರೆ ಹೀಟರಿನ ಕಾಯಿಲ್ ಮೇಲೆ ಕೂತಂತೆ ಪಂಪಿನ ಒಳಗೂ ಬಿಳಿ ಉಪ್ಪು ಕಟ್ಟುತ್ತದೆ.

ವಿದ್ಯುತ್ ಕೇಂದ್ರದ ಮಾತು ಬಂದ ಮೇಲೆ ಕರೆಂಟ್ ಹೋಗುವ ಮಾತೂ ಬಂತು. ಪಂಪ್ ನಿಂತರೂ ಬಿಟ್ ಒಡನೆ ನಿಲ್ಲುವುದಿಲ್ಲ. ಹಿಡಿತ ತಪ್ಪಿದ ಹಲಗೆಯೊಳಗೆ ತಿರುಗುತ್ತಲೇ ಇರುತ್ತದೆ. ಪಂಪಿಗೂ ಬೆಡ್‌ಗೂ ನಡುವೆ ಒಂದು ನಾನ್ ರಿಟರ್ನ್ ವಾಲ್ವ್, ಅದರಾಚೆ ಬೆಡ್ ಕಡೆಗೆ ಒಂದು ಖಾಲಿ ಸಿಲಿಂಡರ್ ಇದ್ದರೆ ಗ್ಯಾಸ್ಕೆಟ್ ಹಿಡಿತ ಆ ಕೆಲವು ಗಳಿಗೆ ಉಳಿಯುತ್ತದೆ. ಹಿಡಿತದ ಒತ್ತಡ ಇಳಿದರೆ ಬಿಟ್ ತಿರುಗಿಸುವ ಸ್ಪಿಂಡಲ್ ತಾನೇ ನಿಲ್ಲುವಂತೆ ಸ್ವಿಚ್ ಜೋಡಿಸುವುದೂ ಕಷ್ಟದ ಕೆಲಸವಲ್ಲ. ಇದನ್ನೆಲ್ಲ ಕಲಿಯುವ ಹುಡುಗರಿಗೆ ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಇಂಥ ಯಂತ್ರಗಳ ತರಬೇತಿ ಕೇಂದ್ರವಿದೆ. ದೇವದುರ್ಗ, ಮಾನ್ವಿಯ ಬಡಿಗೇರರ ಮಕ್ಕಳು ಅತ್ತ ಒಮ್ಮೆ ಹೋಗಿಬರಲಿ.

ಪಂಪ್ ಕೊಳ್ಳಲು ಹೊರಟವರಿಗೆ ನನ್ನ ಸಲಹೆ ಇಷ್ಟೇ. ಹಾರ್ಸ್‌ಪವರ್ ಒಂದು ಮೆಟ್ಟಿಲು ಕಡಿಮೆಯಾದರೂ ಆದೀತು; ಉಳಿದ ದುಡ್ಡು ಒಳ್ಳೆಯ ಗ್ಯಾಸ್ಕೆಟ್‌ಗೆ, ಬೆಡ್ ಅನ್ನು ಭಾಗಭಾಗವಾಗಿ ಮುಚ್ಚುವ ವಾಲ್ವ್‌ಗಳಿಗೆ, ಫಿಲ್ಟರ್‌ಗೆ ಹೋಗಲಿ. ಹೂವು, ಗಂಟೆಯಂಥ ಪುಟ್ಟ ತುಂಡುಗಳಿಗೆ ವ್ಯಾಕ್ಯೂಮ್ ಹಟ ಬೇಡ. ಅಲ್ಲಿ ಸ್ಕ್ರೂ, ಡಬಲ್ ಟೇಪ್, ಹಳೆಯ ಕ್ಲಾಂಪೇ ಮೇಲು. ಇನ್ನು, ಸ್ಪಿಂಡಲ್ ಚಾಲೂ ಮಾಡುವ ಮುನ್ನ ಗೇಜಿನ ಮುಳ್ಳು ನೋಡಿ ಸಮಾಧಾನ ಪಡದೆ, ಎರಡೂ ಅಂಗೈ ಊರಿ ಹಲಗೆಯನ್ನು ಪಕ್ಕಕ್ಕೆ ಬಲವಾಗಿ ತಳ್ಳಿ ನೋಡಿ. ನಿಮ್ಮ ಕೈಗೇ ಸರಿಯುವ ಹಲಗೆ ಬಿಟ್‌ಗೆ ನಿಲ್ಲುವುದಿಲ್ಲ.